ಟೇಕಲ್ ಬಿಡ್ತಾ?

ನಮ್ಮ ವಾಟ್ಸಾಪ್ ಗುಂಪಿನಲ್ಲಿ ದಿನಾ ಬೆಳಗ್ಗೆ ಮೊದಲು ಬರುವ ಮಾತು ಇದು: "ಟೇಕಲ್ ಬಿಡ್ತಾ?" ಬೆಂಗಳೂರಿಗೆ ಹೋಗುವ ನಮ್ಮ ಬೆಳಗಿನ ರೈಲು ಟೇಕಲ್ ಸ್ಟೇಷನ್ ಬಿಟ್ಟಿತಾ ಅಂತ ಕೇಳುವವರು ಅದರಾಚೆಯ ಮಾಲೂರಿನವರು. ಟೇಕಲ್ ಬಿಟ್ಟಿದೆ ಅಂದರೆ ಚಪ್ಪಲಿ ಮೆಟ್ಟಿ ಹೊರಡಬೇಕು. ಇನ್ನೂ ಬಂಗಾರಪೇಟೆಯಲ್ಲೇ ಇದೆ ಅಂದರೆ ಇನ್ನೊಂದು ಲೋಟ ಕಾಫಿಗೆ ಹೊತ್ತಿದೆ. ಸಂಜೆ ಇದೇ ಮಾತು ನಮ್ಮ ಮನೆಯಿಂದ ಬರುತ್ತದೆ. ಟೇಕಲ್ ಬಿಟ್ಟಿತು ಅಂತ ನಾನು ಮೆಸೇಜ್ ಹಾಕಿದ ಮೇಲೇ ಅಮ್ಮ ಮುದ್ದೆಗೆ ಎಸರು ಇಡುವುದು. ಮುದ್ದೆ ಬಿಸಿಯಾಗಿಯೇ ತಿನ್ನಬೇಕು, ಅಲ್ವಾ?

ನಾನು ಬಂಗಾರಪೇಟೆಯವಳು. ಹನ್ನೆರಡು ವರ್ಷದಿಂದ ಕೆಲಸಕ್ಕೆ ಅಂತ ದಿನಾ ಬೆಂಗಳೂರಿಗೆ ಹೋಗಿ ಬರುತ್ತಿದ್ದೇನೆ. ಇಳಿಯುವುದು ಕೆ.ಆರ್.ಪುರದಲ್ಲಿ. ನಮ್ಮೂರಿನಿಂದ ಮೆಜೆಸ್ಟಿಕ್‌ಗೆ ಸುಮಾರು 70 ಕಿಲೋಮೀಟರ್. ನಮ್ಮ ಕಡೆ ಇದನ್ನು ದೂರ ಅಂತ ಯಾರೂ ಅನ್ನುವುದಿಲ್ಲ. ಯಾಕೆಂದರೆ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್‌ನಿಂದ ಬರುವವರು ನಮಗಿಂತ ಮೊದಲೇ ಹತ್ತಿ ಕೂತಿರುತ್ತಾರೆ. ಗಾಡಿ ನಮ್ಮ ಪ್ಲಾಟ್‌ಫಾರ್ಮಿಗೆ ಬರುವಾಗಲೇ ಕೆ.ಜಿ.ಎಫ್. ಜನರಿಂದ ತುಂಬಿರುತ್ತದೆ. ಅರ್ಧ ಜನ ನಿದ್ದೆಯಲ್ಲಿ. ಉಳಿದವರು ತಮಿಳು, ತೆಲುಗು, ಕನ್ನಡ, ಉರ್ದು ಎಲ್ಲ ಬೆರೆಸಿ ಮಾತಾಡುತ್ತಾ. ಕಿಟಕಿ ಪಕ್ಕದ ಸೀಟಿನ ಮೇಲೆ ಒಂದು ಕರ್ಚೀಫು ಇದ್ದರೆ ಅದು ಯಾರೋ ಗೆಳತಿಗೆ ಕಾದಿಟ್ಟ ಜಾಗ. ನನಗೂ ಅಂಥ ಕರ್ಚೀಫು ಹಾಸಿಟ್ಟವರಿದ್ದಾರೆ. ಆ ಋಣ ದೊಡ್ಡದು.

ಟೇಕಲ್‌ನಲ್ಲಿ ಒಬ್ಬ ಅಜ್ಜಿ ಹತ್ತುತ್ತಾರೆ. ಬಾಗಿಲ ಪಕ್ಕ ನೆಲದ ಮೇಲೆ ಕೂತು ಹೂವಿನ ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಸರಿಸುತ್ತಾರೆ. ದಾರದ ಒಂದು ತುದಿ ಕಾಲಿನ ಹೆಬ್ಬೆರಳಿಗೆ. ಎರಡು ಹೂ ಆಚೆ, ಎರಡು ಹೂ ಈಚೆ, ಒಂದು ಸುತ್ತು, ಒಂದು ಗಂಟು. ಗಾಡಿ ಎಷ್ಟು ಅಲ್ಲಾಡಿದರೂ ಕೈ ತಪ್ಪುವುದಿಲ್ಲ. ಕಣ್ಣು ಹೂವಿನ ಮೇಲೆ ಇರುವುದೇ ಇಲ್ಲ, ನಮ್ಮ ಜೊತೆ ಮಾತಿನಲ್ಲಿರುತ್ತದೆ. ಗಾಡಿ ಸರಿಯಾಗಿ ಓಡಿದ ದಿನ ಕೆ.ಆರ್.ಪುರ ಬರುವ ಹೊತ್ತಿಗೆ ಎಷ್ಟು ಮೊಳ ಆಗಬೇಕು ಅಂತ ಅವರಿಗೆ ಗೊತ್ತು. "ಇವತ್ತು ಎರಡು ಮೊಳ ಜಾಸ್ತಿ ಆಯ್ತು ಕಣಮ್ಮ" ಅಂದರೆ ಗಾಡಿ ಅಷ್ಟು ಲೇಟು ಅಂತ ಅರ್ಥ. ಹೂವೇನೋ ಜಾಸ್ತಿ ಕಟ್ಟಿದ್ದಾರೆ. ಆದರೆ ಬೆಳಗಿನ ಪೂಜೆಗೆ ಕೊಳ್ಳುವವರು ಅಷ್ಟೊತ್ತಿಗೆ ಕೊಂಡು ಹೋಗಿಬಿಟ್ಟಿರುತ್ತಾರೆ. ಉಳಿದ ಹೂವಿಗೆ ಮಧ್ಯಾಹ್ನದ ಬೆಲೆ.

ನಮ್ಮ ಗಾಡಿ ಎಷ್ಟು ಲೇಟು, ಅದರಲ್ಲಿ ಎಷ್ಟು ಜನ ಓಡಾಡುತ್ತಾರೆ ಅನ್ನುವ ಎರಡು ಪ್ರಶ್ನೆ ನನ್ನ ತಲೆಯಲ್ಲಿ ಬಹಳ ದಿನದಿಂದ ಕೂತಿವೆ. ಎರಡಕ್ಕೂ ಕಾಗದದ ಮೇಲೆ ಉತ್ತರ ಸಿಗುತ್ತದೆ. ಆ ಉತ್ತರದಲ್ಲಿ ಈ ಅಜ್ಜಿ ಇಲ್ಲ ಅನ್ನುವುದೇ ನನ್ನ ಸಂಕಟ.

ಮೊದಲು ಈ ದಾರಿಯ ಕಥೆ ಸ್ವಲ್ಪ ಹೇಳಬೇಕು. ಬೆಂಗಳೂರು ಕಂಟೋನ್ಮೆಂಟಿನಿಂದ ಜೋಲಾರಪೇಟೆಗೆ ರೈಲು ಶುರುವಾಗಿದ್ದು 1864ರಲ್ಲಿ. ಬಂಗಾರಪೇಟೆಗೆ ಆಗ ಬೌರಿಂಗ್‌ಪೇಟೆ ಅಂತ ಹೆಸರು. ಅಲ್ಲಿಂದ ಮಾರಿಕುಪ್ಪಂಗೆ ಕವಲು ದಾರಿ ಬಂದಿದ್ದು 1894ರಲ್ಲಿ, ಚಿನ್ನದ ಗಣಿಗೋಸ್ಕರ. ಜಾನ್ ಟೇಲರ್ ಕಂಪನಿ 1880ರಲ್ಲಿ ಗಣಿ ಕೆಲಸ ಹಿಡಿದಿತ್ತು. ಯಂತ್ರ, ಕಲ್ಲಿದ್ದಲು, ಮರ, ಕೂಲಿಯವರು ಎಲ್ಲ ಒಳಗೆ ಬರಬೇಕಿತ್ತು. 1902ರಲ್ಲಿ ಶಿವನಸಮುದ್ರದ ಕರೆಂಟು ಬೆಂಗಳೂರಿಗಿಂತ ಮೊದಲು ಈ ಗಣಿಗೇ ಬಂತು. ಅಷ್ಟು ಮುಖ್ಯವಾದ ಊರು ಅದು.

ಆ ದಾರಿಯಲ್ಲಿ ಜನ ಬಂದದ್ದು ಕೆ.ಜಿ.ಎಫ್.ಗೆ. ಈಗ ಅದೇ ದಾರಿಯಲ್ಲಿ ಜನ ಹೋಗುತ್ತಾರೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮೂರು ಕಿಲೋಮೀಟರಿಗೂ ಆಳ ಇಳಿದ ಗಣಿ, ಒಂದು ಊರಿಗೆ ಊರೇ ಅದನ್ನು ನಂಬಿಕೊಂಡಿತ್ತು. ಮುಚ್ಚಿದ ಮೇಲೆ ಊರು ಬಿಟ್ಟವರು ಬಿಟ್ಟರು. ಬಿಡಲಾರದವರು ರೈಲಿನ ಪಾಸು ಮಾಡಿಸಿದರು. ಕ್ವಾರ್ಟರ್ಸ್‌ನ ಸಣ್ಣ ಮನೆ ಇಲ್ಲಿ, ಕೆಲಸ ಬೆಂಗಳೂರಿನಲ್ಲಿ. ಬೆಂಗಳೂರಿನ ಬಾಡಿಗೆ ಕೊಡುವ ಶಕ್ತಿ ಇಲ್ಲದವರಿಗೆ ಊರಲ್ಲೇ ಉಳಿಯುವ ದಾರಿ ಇದೊಂದೇ. ಎರಡನೇ ದರ್ಜೆಯ ತಿಂಗಳ ಪಾಸು ಸುಮಾರು ಹದಿನೈದು ಸಲದ ಟಿಕೆಟ್ ದುಡ್ಡಿಗೆ ಸಿಗುತ್ತದೆ. ತಿಂಗಳಿಡೀ ಓಡಾಡಬಹುದು. ಬಸ್ಸಿನಲ್ಲಿ ಇದು ಆಗದ ಮಾತು. ಗಾರ್ಮೆಂಟ್ಸ್‌ಗೆ ಹೋಗುವವರು, ಸೆಕ್ಯೂರಿಟಿ ಕೆಲಸದವರು, ಆಸ್ಪತ್ರೆಯ ಆಯಾಗಳು, ಸಾಫ್ಟ್‌ವೇರ್ ಹುಡುಗರು, ಕಾಲೇಜಿನ ಮಕ್ಕಳು, ಎಲ್ಲರೂ ಒಂದೇ ಡಬ್ಬಿಯಲ್ಲಿ.

ಹಿರಿಯರೊಬ್ಬರು ಹೇಳುತ್ತಿದ್ದರು, ಗಣಿ ಇದ್ದಾಗ ಊರು ಏಳುತ್ತಿದ್ದದ್ದು ಸೈರನ್‌ಗೆ. ಶಿಫ್ಟಿನ ಸೈರನ್ ಯಾವತ್ತೂ ತಪ್ಪುತ್ತಿರಲಿಲ್ಲವಂತೆ. ಈಗ ಊರು ಏಳುವುದು ಗಾಡಿಯ ಹೊತ್ತಿಗೆ.

ಗಾಡಿಯ ಹೊತ್ತನ್ನು ರೈಲ್ವೆಯವರು ಅಳೆಯುವ ಬಗೆ ಒಂದು, ನಾವು ಅಳೆಯುವ ಬಗೆ ಇನ್ನೊಂದು. ಒಂದು ಗಾಡಿ ರೈಟ್ ಟೈಮ್ ಅಂತ ಲೆಕ್ಕಕ್ಕೆ ಬರುವುದು ಸಾಮಾನ್ಯವಾಗಿ ಅದು ಕೊನೆಯ ಸ್ಟೇಷನ್ ಮುಟ್ಟಿದ ಹೊತ್ತಿನಿಂದ. ಕೊನೆಯ ಸ್ಟೇಷನ್ನಿಗೆ ಮುಂಚೆ ಟೈಮ್ ಟೇಬಲ್‌ನಲ್ಲಿ ಸ್ವಲ್ಪ ಹೊತ್ತನ್ನು ಜಾಸ್ತಿ ಸೇರಿಸಿಟ್ಟಿರುತ್ತಾರೆ. ಅದಕ್ಕೆ ಸ್ಲ್ಯಾಕ್ ಅನ್ನುತ್ತಾರೆ. ದಾರಿಯಲ್ಲಿ ಕಳೆದುಕೊಂಡ ನಿಮಿಷಗಳನ್ನು ಅಲ್ಲಿ ತುಂಬಿಕೊಳ್ಳಬಹುದು. ಕಂಟೋನ್ಮೆಂಟಿನಿಂದ ಮೆಜೆಸ್ಟಿಕ್‌ಗೆ ನಾಲ್ಕೈದು ಕಿಲೋಮೀಟರ್ ಅಷ್ಟೇ. ಆ ತುಂಡಿಗೆ ಹಲವು ಗಾಡಿಗಳ ಟೈಮ್ ಟೇಬಲ್‌ನಲ್ಲಿ ಎಷ್ಟು ನಿಮಿಷ ಕೊಟ್ಟಿದ್ದಾರೆ ಅಂತ ಒಮ್ಮೆ ತೆಗೆದು ನೋಡಿ. ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಸ್ಲ್ಯಾಕ್ ಇಡುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಎಲ್ಲ ದೇಶದ ರೈಲಿನಲ್ಲೂ ಏನಾದರೂ ಒಂದು ರೂಪದಲ್ಲಿ ಅದು ಇದ್ದೇ ಇದೆ. ಹಳಿ ರಿಪೇರಿ ಇರುತ್ತದೆ, ಮಳೆ ಇರುತ್ತದೆ, ಗೇಟು ಹಾಕಲು ತಡವಾಗುತ್ತದೆ. ಆದರೆ ನಮ್ಮ ಡಬ್ಬಿಯಲ್ಲಿ ಮೆಜೆಸ್ಟಿಕ್‌ವರೆಗೆ ಹೋಗುವವರು ಎಷ್ಟು ಜನ? ವೈಟ್‌ಫೀಲ್ಡ್ ಬಂದರೆ ಒಂದು ಅಲೆ ಇಳಿಯುತ್ತದೆ. ಹೂಡಿಯಲ್ಲಿ ಒಂದಿಷ್ಟು. ಕೆ.ಆರ್.ಪುರ ಬಂದಾಗ ಡಬ್ಬಿ ಉಸಿರು ಬಿಡುತ್ತದೆ. ನಾವೆಲ್ಲ ಇಪ್ಪತ್ತು ನಿಮಿಷ ಲೇಟಾಗಿ ಇಳಿದು ಓಡಿದ ಮೇಲೆ, ಅದೇ ಗಾಡಿ ಅರ್ಧ ಖಾಲಿಯಾಗಿ ಮೆಜೆಸ್ಟಿಕ್ ಮುಟ್ಟುವಾಗ ಹೆಚ್ಚುಕಡಿಮೆ ರೈಟ್ ಟೈಮ್ ಆಗಿರಬಹುದು. ಗಾಡಿಯ ಲೆಕ್ಕದಲ್ಲಿ ಆ ದಿನ ತಪ್ಪೇ ಇಲ್ಲ. ನಮ್ಮ ಲೆಕ್ಕದಲ್ಲಿ ಕಂಪನಿ ಬಸ್ಸು ಹೊರಟುಹೋಗಿದೆ.

ಒಂದು ದಿನದ ಮಾತು ಹೇಳುತ್ತೇನೆ. ಮಳೆಗಾಲ. ಗಾಡಿ ಒಂದು ಸ್ಟೇಷನ್ನಿನ ಔಟರ್‌ನಲ್ಲಿ, ಅಂದರೆ ಸ್ಟೇಷನ್ನಿಗೆ ಮುಂಚಿನ ಸಿಗ್ನಲ್ ಹತ್ತಿರ, ನಿಂತಿತು. ಸಿಗ್ನಲ್ ಬೀಳಲಿಲ್ಲ. ಪಕ್ಕದ ಹಳಿಯಲ್ಲಿ ಒಂದು ಎಕ್ಸ್‌ಪ್ರೆಸ್ ಹೋಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ನನ್ನ ಎದುರು ಕೂತಿದ್ದ ಹುಡುಗಿ ಹೊಸದಾಗಿ ಕೆಲಸಕ್ಕೆ ಸೇರಿದ್ದವಳು. ಅವಳ ಫ್ಯಾಕ್ಟರಿಯಲ್ಲಿ ಗೇಟು ಹಾಕಿದ ಮೇಲೆ ಒಳಗೆ ಬಂದರೆ ಅರ್ಧ ದಿನದ ಸಂಬಳ ಹೋಗುತ್ತಿತ್ತು. ಅವಳು ಏನೂ ಮಾತಾಡಲಿಲ್ಲ. ಮೊಬೈಲ್ ಕೈಯಲ್ಲಿ ಹಿಡಿದು, ಸ್ಕ್ರೀನ್ ಆರಿದಾಗೆಲ್ಲ ಮತ್ತೆ ಒತ್ತಿ ಗಂಟೆ ನೋಡುತ್ತಿದ್ದಳು. ಕೆಲವು ಗಂಡಸರು ಜಲ್ಲಿಕಲ್ಲಿನ ಮೇಲೆ ಇಳಿದು ಹಳಿ ಪಕ್ಕ ನಡೆಯತೊಡಗಿದರು. ಅವಳೂ ಎದ್ದಳು. ಬಾಗಿಲವರೆಗೆ ಹೋದಳು. ಕೆಳಗೆ ನೋಡಿದಳು. ಅಷ್ಟು ಎತ್ತರದಿಂದ, ಆ ಮಳೆಯಲ್ಲಿ, ಪಕ್ಕದ ಹಳಿಯಲ್ಲಿ ಗಾಡಿ ಓಡುತ್ತಿರುವಾಗ! ಅಜ್ಜಿ ಅವಳ ದುಪಟ್ಟಾ ತುದಿ ಹಿಡಿದು ಎಳೆದು ಕೂರಿಸಿದರು. "ಅರ್ಧ ದಿನ ಹೋದ್ರೆ ಹೋಗ್ಲಿ, ಕೂತ್ಕೋ" ಅಂದರು. ಹುಡುಗಿ ಅತ್ತಳು. ಲೇಟು ಅಂದರೆ ನನಗೆ ಇವತ್ತಿಗೂ ಮೊದಲು ನೆನಪಾಗುವುದು ಆ ಬಾಗಿಲು. ನಿಮಿಷಗಳೆಲ್ಲ ಆಮೇಲೆ.

ಗಾಡಿ ಯಾಕೆ ನಿಲ್ಲುತ್ತದೆ ಅನ್ನುವುದಕ್ಕೆ ಕಾರಣ ಇಲ್ಲದೆ ಇಲ್ಲ. ಯಾರೋ ಬೇಕು ಅಂತ ನಿಲ್ಲಿಸುತ್ತಾರೆ ಅಂತ ಕೋಪದಲ್ಲಿ ಹೇಳುವವರಿದ್ದಾರೆ. ನಾನು ಹಾಗೆ ಅಂದುಕೊಳ್ಳುವುದಿಲ್ಲ. ಬೆಂಗಳೂರಿನಿಂದ ಚೆನ್ನೈ ಕಡೆಗೆ, ಆಂಧ್ರದ ಕಡೆಗೆ, ಕೇರಳದ ಕಡೆಗೆ ಹೋಗುವ ಎಷ್ಟೋ ಗಾಡಿಗಳಿಗೆ ಇದೇ ದಾರಿ. ಬೃಂದಾವನ, ಲಾಲ್‌ಬಾಗ್, ಶತಾಬ್ದಿ, ಡಬಲ್ ಡೆಕರ್, 2022ರ ನವೆಂಬರಿನಿಂದ ಮೈಸೂರು–ಚೆನ್ನೈ ವಂದೇ ಭಾರತ್. ಅವುಗಳ ಮಧ್ಯೆ ಗೂಡ್ಸ್ ಗಾಡಿಗಳು. ದೇವನಗೊಂದಿಯಲ್ಲಿ ಎಣ್ಣೆ ಡಿಪೋಗಳಿವೆ, ಟ್ಯಾಂಕರ್ ರೇಕುಗಳು, ಅಂದರೆ ಒಂದಕ್ಕೊಂದು ಜೋಡಿಸಿದ ಡಬ್ಬಿಗಳ ಸಾಲುಗಳು, ಅಲ್ಲಿಗೆ ಬರುತ್ತವೆ. ವೈಟ್‌ಫೀಲ್ಡಿನಲ್ಲಿ ಕಂಟೇನರ್ ಡಿಪೋ ಇದೆ. ಒಂದು ಉದ್ದನೆಯ ಗೂಡ್ಸ್ ಮೇನ್ ಲೈನ್ ಬಿಟ್ಟು ಪಕ್ಕಕ್ಕೆ ತಿರುಗಬೇಕಾದರೆ ನಿಧಾನಕ್ಕೆ ತಿರುಗುತ್ತದೆ, ಹಿಂದಿನವರು ಕಾಯಬೇಕು. ಇಷ್ಟಕ್ಕೂ ಇರುವುದು ಹೋಗಲು ಒಂದು ಹಳಿ, ಬರಲು ಒಂದು ಹಳಿ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಅದೂ ಇಲ್ಲ, ಒಂದೇ ಹಳಿ. ಆ ತುದಿಗೆ ಹೋದ ಗಾಡಿ ತಡವಾದರೆ, ಅದೇ ರೇಕು ತಿರುಗಿ ಬರುವ ಗಾಡಿಯೂ ತಡ.

ಹೀಗೆ ಎಲ್ಲರಿಗೂ ಜಾಗ ಸಾಲದೆ ಹೋದಾಗ ಯಾರನ್ನೋ ಲೂಪ್ ಲೈನಿಗೆ, ಅಂದರೆ ಪಕ್ಕದ ಹಳಿಗೆ, ಹಾಕಿ ಕಾಯಿಸಲೇಬೇಕು. ಯಾರನ್ನು ಹಾಕಬೇಕು ಅನ್ನುವುದು ಗಾಡಿಯ ದರ್ಜೆ ನೋಡಿ ನಿರ್ಧಾರವಾಗುತ್ತದೆ. ವಂದೇ ಭಾರತ್, ಶತಾಬ್ದಿ ಮೊದಲು, ಆಮೇಲೆ ಎಕ್ಸ್‌ಪ್ರೆಸ್‌ಗಳು, ಆಮೇಲೆ ಪ್ಯಾಸೆಂಜರ್. ಒಳಗೆ ಎಷ್ಟು ಜನ ನಿಂತಿದ್ದಾರೆ ಅಂತ ಯಾವ ಸಿಗ್ನಲ್ಲೂ ನೋಡುವುದಿಲ್ಲ. ಬೆಳಗ್ಗೆ ಏಳರಿಂದ ಒಂಬತ್ತರವರೆಗಾದರೂ ಈ ಕ್ರಮ ತಿರುಗಿಸಬಾರದೇ ಅಂತ ನನ್ನ ಆಸೆ. ಚೆನ್ನೈಯಿಂದ ಬರುವವರು ಹತ್ತು ನಿಮಿಷ ತಡವಾಗಿ ಇಳಿದರೆ ಹತ್ತು ನಿಮಿಷ ಹೋಗುತ್ತದೆ. ನಮ್ಮವರಿಗೆ ಅದೇ ಹತ್ತು ನಿಮಿಷ ಅರ್ಧ ದಿನವಾಗುತ್ತದೆ.

ಇನ್ನು ಜನರ ಲೆಕ್ಕ. ಪ್ಯಾಸೆಂಜರ್ ಗಾಡಿಯ ಟಿಕೆಟ್‌ಗೆ ಸೀಟ್ ನಂಬರ್ ಇಲ್ಲ, ಗಾಡಿ ನಂಬರೂ ಇಲ್ಲ. ಬಂಗಾರಪೇಟೆಯಿಂದ ಕೆ.ಆರ್.ಪುರ ಅಂತ ಕೊಟ್ಟ ಟಿಕೆಟ್ಟಿನಲ್ಲಿ ನಾನು ಆರು ಗಂಟೆಯ ಗಾಡಿ ಹತ್ತಿದೆನೋ ಏಳರದ್ದೋ ಯಾರಿಗೂ ಗೊತ್ತಾಗುವುದಿಲ್ಲ. ಪಾಸು ಇದ್ದವರದ್ದಂತೂ ಇನ್ನೂ ದೂರ. ಪಾಸು ತಿಂಗಳಿಗೆ ಒಂದು ಸಲ ಕೊಂಡರೆ ಆಯಿತು. ಒಂದು ಪಾಸಿಗೆ ಇಷ್ಟು ಪ್ರಯಾಣ ಅಂತ ಗುಣಿಸಿ ಲೆಕ್ಕ ಹಾಕುತ್ತಾರೆ. ಆ ತಿಂಗಳು ನಾನು ಜ್ವರ ಬಂದು ಮಲಗಿದ್ದರೂ ಅಷ್ಟೇ ಪ್ರಯಾಣ. ಯಾವ ಗಾಡಿ ಎಷ್ಟು ತುಂಬಿದೆ ಅಂತ ಗೊತ್ತಾಗಬೇಕಾದರೆ ಯಾರಾದರೂ ಪ್ಲಾಟ್‌ಫಾರ್ಮಿನಲ್ಲಿ ನಿಂತು ತಲೆ ಎಣಿಸಬೇಕು.

ಎಣಿಸಿದರೂ ಒಂದು ವಿಷಯ ಕಾಣುವುದಿಲ್ಲ. ನನಗೆ ಇದು ಅರ್ಥವಾಗಲು ವರ್ಷಗಳೇ ಬೇಕಾದವು. ನಮ್ಮ ಕೆಲಸದ ಹೊತ್ತಿಗೆ ಸರಿಹೊಂದುವ ಗಾಡಿ ಒಂದಿತ್ತು. ನಾವು ಅನೇಕರು ಅದನ್ನು ಬಿಟ್ಟು ಅದಕ್ಕಿಂತ ಮುಂಚಿನ ಗಾಡಿಗೆ ಹೋಗುತ್ತಿದ್ದೆವು. ಯಾಕೆ? ನಮಗೆ ಸರಿಹೊಂದುವ ಗಾಡಿಯನ್ನು ನಂಬುವ ಹಾಗಿರಲಿಲ್ಲ. ವಾರದಲ್ಲಿ ನಾಲ್ಕು ದಿನ ಸರಿಯಾಗಿ ಬಂದರೂ ಐದನೇ ದಿನ ಕೈಕೊಟ್ಟರೆ ಸಾಕು, ಜನ ಬಿಟ್ಟುಬಿಡುತ್ತಾರೆ. ಹಾಗಾಗಿ ಮುಂಚಿನ ಗಾಡಿ ಕಾಲಿಡಲು ಜಾಗವಿಲ್ಲದ ಹಾಗೆ ತುಂಬುತ್ತಿತ್ತು. ಆಮೇಲಿನದರಲ್ಲಿ ಕೂತು ಹೋಗಬಹುದಿತ್ತು. ಎಣಿಸುವವರು ಬಂದರೆ ಮುಂಚಿನ ಗಾಡಿಗೆ ಬಹಳ ಬೇಡಿಕೆ, ಆಮೇಲಿನದಕ್ಕೆ ಜನ ಕಡಿಮೆ ಅಂತ ಬರೆದುಕೊಳ್ಳುತ್ತಾರೆ. ಮುಂಚಿನ ಗಾಡಿ ತುಂಬಿದ್ದೇ ಆಮೇಲಿನ ಗಾಡಿಯ ಲೇಟಿನಿಂದ ಅಂತ ಯಾವ ಕಾಲಂನಲ್ಲೂ ಬರುವುದಿಲ್ಲ.

ಟೈಮ್ ಟೇಬಲ್‌ನಲ್ಲಿ ಇರುವ ಸ್ಲ್ಯಾಕ್ ಬಗ್ಗೆ ಹೇಳಿದೆನಲ್ಲ, ಅದಕ್ಕಿಂತ ದೊಡ್ಡ ಸ್ಲ್ಯಾಕ್ ನಮ್ಮ ಮನೆಗಳಲ್ಲಿದೆ. ಅದು ಅಡುಗೆಮನೆಯಲ್ಲಿದೆ. ನಾಲ್ಕೂವರೆಗೆ ಏಳಬಹುದಾದವಳು ಮೂರೂವರೆಗೆ ಏಳುತ್ತಾಳೆ. ಚಿತ್ರಾನ್ನಕ್ಕೆ ಒಗ್ಗರಣೆ ಹಾಕುವಾಗ ಪಕ್ಕದ ಮನೆಯಲ್ಲೂ ಒಗ್ಗರಣೆಯ ವಾಸನೆ ಬರುತ್ತಿರುತ್ತದೆ, ಬೀದಿಯಲ್ಲಿ ಒಂದು ನಾಯಿಯೂ ಎದ್ದಿರುವುದಿಲ್ಲ. ಮಗುವಿನ ಯೂನಿಫಾರ್ಮ್ ಕುರ್ಚಿಯ ಮೇಲೆ ಇಟ್ಟು, ನಿದ್ದೆಯಲ್ಲಿರುವ ಮಗುವಿನ ಹಣೆ ಮುಟ್ಟಿ ಬಾಗಿಲು ಎಳೆದುಕೊಳ್ಳುತ್ತಾಳೆ. ಆ ಒಂದು ಗಂಟೆ ನಿದ್ದೆ ದಿನಾ ಹೋಗುತ್ತದೆ, ಗಾಡಿ ಸರಿಯಾದ ಹೊತ್ತಿಗೆ ಬಂದ ದಿನವೂ ಹೋಗುತ್ತದೆ. ಗಾಡಿ ಲೇಟಾಗಿದ್ದು ವಾರಕ್ಕೆ ಒಂದು ದಿನ ಇರಬಹುದು. ನಿದ್ದೆ ಹೋಗಿದ್ದು ಆರು ದಿನ.

ಬೇರೆ ದೇಶದಲ್ಲಿ ಇದನ್ನು ಹೇಗೆ ಅಳೆಯುತ್ತಾರೆ ಅಂತ ಓದಿದಾಗ ನನಗೆ ಸಮಾಧಾನವೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಬ್ರಿಟನ್‌ನಲ್ಲಿ ಮೊದಲು ನಮ್ಮ ಹಾಗೆಯೇ ಕೊನೆಯ ಸ್ಟೇಷನ್ ನೋಡುತ್ತಿದ್ದರು. ಹತ್ತಿರದ ಗಾಡಿಗೆ ಐದು ನಿಮಿಷ, ದೂರದ ಗಾಡಿಗೆ ಹತ್ತು ನಿಮಿಷದವರೆಗೆ ತಡವಾದರೂ ಸರಿ ಅಂತ ಲೆಕ್ಕ. 2019ರಿಂದ ಅಲ್ಲಿ ದಾರಿಯ ಸ್ಟೇಷನ್‌ಗಳಲ್ಲಿ ಗಾಡಿ ಬಂದ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ, ಅದೂ ಒಂದು ನಿಮಿಷದೊಳಗೆ. ಸ್ವಿಟ್ಜರ್ಲೆಂಡ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಗಾಡಿ ಎಣಿಸುವ ಬದಲು ಪ್ರಯಾಣಿಕರನ್ನು ಎಣಿಸುತ್ತಾರೆ. ಎಷ್ಟು ಜನ ಮೂರು ನಿಮಿಷಕ್ಕಿಂತ ಕಡಿಮೆ ತಡವಾಗಿ ತಮ್ಮ ಸ್ಟೇಷನ್ ಮುಟ್ಟಿದರು ಅನ್ನುವುದು ಅವರ ಲೆಕ್ಕ. ಸಾವಿರ ಜನ ಇರುವ ಗಾಡಿ ತಡವಾದರೆ ಸಾವಿರ ತಪ್ಪು, ಐವತ್ತು ಜನ ಇರುವುದು ತಡವಾದರೆ ಐವತ್ತು. ನಮ್ಮ ಬೆಳಗಿನ ಗಾಡಿಗೆ ಈ ಲೆಕ್ಕ ಹಾಕಿದರೆ ಸಿಗ್ನಲ್ ಯಾರಿಗೆ ಮೊದಲು ಬೀಳಬೇಕು ಅನ್ನುವುದು ತಾನಾಗಿ ಬದಲಾಗುತ್ತದೆ ಅಂತ ನಾನು ನಂಬಿದ್ದೇನೆ. ಹೊಸ ಯಂತ್ರ ಏನೂ ಬೇಕಾಗಿಲ್ಲ. ಗಾಡಿ ಯಾವ ಸ್ಟೇಷನ್ ಎಷ್ಟು ಹೊತ್ತಿಗೆ ಬಿಟ್ಟಿತು ಅಂತ ನಮ್ಮ ಮೊಬೈಲ್‌ನಲ್ಲೇ ಕಾಣುತ್ತದಲ್ಲ.

2020ರ ಮಾರ್ಚಿನಲ್ಲಿ ಗಾಡಿಗಳು ನಿಂತಾಗ ಜನರ ಲೆಕ್ಕ ಅಂದರೆ ಏನು ಅಂತ ಬೇರೆ ಥರ ಗೊತ್ತಾಯಿತು. ಲಾಕ್‌ಡೌನ್ ಸಡಿಲವಾಗಿ ಕಂಪನಿಗಳು ಕರೆದವು, ಪ್ಯಾಸೆಂಜರ್ ಗಾಡಿ ಮಾತ್ರ ತಿಂಗಳುಗಟ್ಟಲೆ ಬರಲಿಲ್ಲ. ಎರಡೆರಡು ಬಸ್ಸು ಹಿಡಿದು ಕೆಲವರು ಹೋದರು. ಕೆಲವರು ಬೈಕಿನಲ್ಲಿ ಆ ಹೈವೇ ಹಿಡಿದರು. ಎಷ್ಟೋ ಹೆಂಗಸರು ಕೆಲಸ ಬಿಟ್ಟರು. ಆಮೇಲೆ ಗಾಡಿ ಬಂದಾಗ ನಂಬರಿನ ಮುಂದೆ ಒಂದು ಸೊನ್ನೆ, ಹೆಸರಿಗೆ ಸ್ಪೆಷಲ್. ಅದೇ ಹಳಿ, ಅದೇ ಸ್ಟೇಷನ್‌ಗಳು, ಆದರೆ ಕನಿಷ್ಠ ಟಿಕೆಟ್ 10 ರೂಪಾಯಿಯಿಂದ 30ಕ್ಕೆ ಹೋಗಿತ್ತು. ಪಕ್ಕದೂರಿಗೆ ಹೋಗಿ ಬರುವ ಅಜ್ಜಿಯಂಥವರಿಗೆ ಅದು ದೊಡ್ಡ ಪೆಟ್ಟು. 2024ರ ಫೆಬ್ರವರಿ ಕೊನೆಗೆ ಅದು ಮತ್ತೆ 10 ಆಯಿತು. ಆ ನಡುವೆ ಕರ್ಚೀಫು ಹಾಸುತ್ತಿದ್ದ ನನ್ನ ಗೆಳತಿಯರಲ್ಲಿ ಇಬ್ಬರು ತಿರುಗಿ ಬರಲೇ ಇಲ್ಲ.

ಒಳ್ಳೆಯದೂ ಆಗಿದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಬೇರೆ ಎಂಜಿನ್ ಬೇಕಿಲ್ಲದ, ಕರೆಂಟಿನಲ್ಲಿ ಓಡುವ ಮೆಮು ಗಾಡಿ ಬಂದ ಮೇಲೆ ಎಂಜಿನ್ ಬಿಡಿಸಿ ಈ ತುದಿಯಿಂದ ಆ ತುದಿಗೆ ತರುವ ಕೆಲಸ ಇಲ್ಲ. ಎರಡೂ ಕಡೆ ಓಡಿಸಬಹುದು, ನಿಂತಲ್ಲಿಂದ ಬೇಗ ವೇಗ ಹಿಡಿಯುತ್ತದೆ. 2023ರ ಮಾರ್ಚಿನಲ್ಲಿ ವೈಟ್‌ಫೀಲ್ಡ್‌ನಿಂದ ಕೆ.ಆರ್.ಪುರಕ್ಕೆ ಮೆಟ್ರೋ ಬಂತು. ಅಕ್ಟೋಬರ್ 9ಕ್ಕೆ ಬೈಯಪ್ಪನಹಳ್ಳಿಗೆ ಸೇರಿತು. ಈಗ ವೈಟ್‌ಫೀಲ್ಡ್‌ನಲ್ಲೇ ಇಳಿದು ಮೆಟ್ರೋ ಹತ್ತಿಬಿಡುವವರು ಬಹಳ. ಗಾಡಿ ಔಟರ್‌ನಲ್ಲಿ ನಿಲ್ಲುವ ಮುಂಚೆಯೇ ಅವರು ಮೇಲಿನ ಹಳಿಯಲ್ಲಿ ಹೋಗಿಬಿಟ್ಟಿರುತ್ತಾರೆ. ಕಂಟೋನ್ಮೆಂಟ್–ವೈಟ್‌ಫೀಲ್ಡ್ ನಡುವೆ ನಾಲ್ಕು ಹಳಿ ಮಾಡುವ ಕೆಲಸ ಕಿಟಕಿಯಿಂದಲೇ ಕಾಣುತ್ತದೆ. ಅದು ಮುಗಿದರೆ ನಮಗೆ ಬಹಳ ಅನುಕೂಲ. ಬೆಂಗಳೂರು ಉಪನಗರ ರೈಲು ಯೋಜನೆಯ ನಾಲ್ಕು ಮಾರ್ಗಗಳಲ್ಲಿ ಕೆಂಗೇರಿಯಿಂದ ಬರಬೇಕಾದ ಪಾರಿಜಾತ ಅನ್ನುವ ಮಾರ್ಗವೂ ವೈಟ್‌ಫೀಲ್ಡಿಗೇ ನಿಲ್ಲುತ್ತದೆ. ಅದರಾಚೆ ಮಾಲೂರು, ಟೇಕಲ್, ಬಂಗಾರಪೇಟೆ, ಮಾರಿಕುಪ್ಪಂಗೆ ಈಗಿರುವ ಗಾಡಿಯೇ ಗತಿ.

ಹೋದ ವಾರ ಪಕ್ಕದ ಮನೆಯ ಹುಡುಗಿ ಬಂದಿದ್ದಳು. ಡಿಗ್ರಿ ಮುಗಿದಿದೆ, ವೈಟ್‌ಫೀಲ್ಡ್ ಹತ್ತಿರ ಕೆಲಸ ಸಿಕ್ಕಿದೆ. ಮುಖದಲ್ಲಿ ಬೆಳಕು. ಅವಳ ಅಮ್ಮನೂ ಜೊತೆಗೆ ಬಂದಿದ್ದರು, ಕೈಯಲ್ಲಿ ಒಂದು ಡಬ್ಬಿ ಮೈಸೂರು ಪಾಕು. ಆಫೀಸು ಒಂಬತ್ತಕ್ಕೆ. ಮೊಬೈಲ್‌ನಲ್ಲಿ ಟೈಮ್ ಟೇಬಲ್ ತೆಗೆದು ತೋರಿಸಿದಳು. ಲೆಕ್ಕ ಸರಿಯಾಗಿಯೇ ಹಾಕಿದ್ದಳು. ಅವಳು ಆರಿಸಿದ ಗಾಡಿ ಹೇಳಿದ ಹೊತ್ತಿಗೆ ಓಡಿದರೆ ಎಂಟು ಮುಕ್ಕಾಲಿಗೆ ಆಫೀಸಿನಲ್ಲಿರುತ್ತಾಳೆ.

"ಇದು ಸರಿ ಅಲ್ವಾ ಅಕ್ಕ?" ಅಂದಳು.

ನಾನು ಸ್ಕ್ರೀನ್ ಮೇಲಕ್ಕೆ ಸರಿಸಿ ಅದಕ್ಕೆ ಮುಂಚಿನ ಗಾಡಿ ತೋರಿಸಿದೆ. ಅವಳು ಸುಮ್ನೆ ನನ್ನ ಮುಖ ನೋಡಿದಳು. ಅವಳ ಅಮ್ಮ ಏನೂ ಕೇಳಲಿಲ್ಲ. ತಮ್ಮ ಮೊಬೈಲ್ ತೆಗೆದು ಅಲಾರಾಂ ಇಡಲು ಕೊಟ್ಟರು. ಮೂರೂ ನಲವತ್ತಕ್ಕೆ ಇಟ್ಟುಕೊಟ್ಟೆ.